ನಡುಕ ಎಣಿಸಿದ ಲ್ಯಾಂಚೆಸ್ಟರ್

ಬ್ರೇಕ್ ಒತ್ತಿದಾಗ ಕಾರು ನಡುಗೋದನ್ನ ನೀವು ಯಾವತ್ತಾದ್ರೂ ಅನುಭವಿಸಿದ್ದೀರಾ? ನನಗೆ ಆ ಭಾಗ್ಯ ಸಿಕ್ಕಿದ್ದು ಹೋದ ಸೆಮಿಸ್ಟರ್ ರಜೆಯಲ್ಲಿ, ಮಾವನ ಹಳೇ ಕಾರಿನಲ್ಲಿ. ಶಿರಾಡಿ ಘಾಟಿ ಇಳಿದು ನೇರ ರಸ್ತೆಗೆ ಬಂದಿದ್ದೆವು. ಗಂಟೆಗೆ 90 ಕಿಲೋಮೀಟರ್ ವೇಗದಿಂದ ಸ್ವಲ್ಪ ನಿಧಾನ ಮಾಡೋಣ ಅಂತ ಬ್ರೇಕ್ ಮೇಲೆ ಕಾಲಿಟ್ಟರೆ ಸ್ಟೀರಿಂಗ್ ಕೈಯಲ್ಲೇ ತರತರ ನಡುಗಿತು. ಕಾಲು ತೆಗೆದರೆ ಏನೂ ಇಲ್ಲ. ಮತ್ತೆ ಒತ್ತಿದರೆ ಮತ್ತೆ ಅದೇ. ಮುಂದೆ ಟೀ ಅಂಗಡಿಯಲ್ಲಿ ನಿಲ್ಲಿಸಿದಾಗ ನಾಲ್ಕು ಜನ ನಾಲ್ಕು ರೋಗ ಹೇಳಿದರು. ಒಬ್ಬರು ವೀಲ್ ಬ್ಯಾಲೆನ್ಸಿಂಗ್ ಅಂದರು, ಇನ್ನೊಬ್ಬರು ಅಲೈನ್‌ಮೆಂಟ್, ಮತ್ತೊಬ್ಬರು ಡಿಸ್ಕ್ ಬೆಂಡ್ ಆಗಿದೆ ಅಂತ ಕಣ್ಣುಮುಚ್ಚಿ ಹೇಳಿಬಿಟ್ಟರು. ಗ್ಯಾರೇಜಿನವರದ್ದು ಸುಲಭದ ದಾರಿ. ಎಲ್ಲಾ ಬದಲಾಯಿಸಿಬಿಡೋಣ ಸಾರ್.

ಕಾಲೇಜಿಗೆ ಬಂದು ವರ್ಕ್‌ಶಾಪ್‌ನ ಮೇಷ್ಟ್ರ ಹತ್ತಿರ ಇದನ್ನ ಹೇಳಿದೆ. ಅವರು ಔಷಧಿ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದರು. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಎಷ್ಟು ಸಲ ನಡುಗುತ್ತೆ? ನಾನು ಪೆಚ್ಚಾಗಿ ನಿಂತೆ. ಅದನ್ನ ಎಣಿಸದೆ ಸ್ಪ್ಯಾನರ್ ಮುಟ್ಟಬೇಡ, ಲ್ಯಾಂಚೆಸ್ಟರ್ ಬಗ್ಗೆ ಓದಿಕೊಂಡು ಬಾ ಅಂತ ಕಳಿಸಿಬಿಟ್ಟರು.

ಓದಿದೆ. ಓದಿದಷ್ಟೂ ನಾಚಿಕೆಯಾಯಿತು. ನಮ್ಮ ಮೆಕ್ಯಾನಿಕಲ್‌ನವರಿಗೆ ಈ ಹೆಸರು ವೈಬ್ರೇಷನ್ ಪೇಪರಿನ ಒಂದು ಡ್ಯಾಂಪರ್ ಆಗಿ ಗೊತ್ತು. ಏರೋನಾಟಿಕಲ್‌ನವರಿಗೆ ರೆಕ್ಕೆಯ ಸಿದ್ಧಾಂತದಲ್ಲಿ ಪ್ರಾಂಡ್ಟ್ಲ್ ಪಕ್ಕ ಬರೋ ಹೆಸರಾಗಿ ಗೊತ್ತು. ಯುದ್ಧದ ಕಂಪ್ಯೂಟರ್ ಗೇಮ್ ತಲೆಗೆ ಹಚ್ಚಿಕೊಂಡವರಿಗೆ ಸೈನ್ಯದ ಬಲಾಬಲ ಲೆಕ್ಕ ಹಾಕೋ ವರ್ಗದ ನಿಯಮವಾಗಿ ಗೊತ್ತು. ಮೂರೂ ಒಬ್ಬನೇ ಮನುಷ್ಯ ಅನ್ನೋದು ನನಗಂತೂ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಮಾವನ ಕಾರಿನ ಮುಂದಿನ ಚಕ್ರದಲ್ಲಿ ಕೂತು ನಮ್ಮನ್ನ ನಡುಗಿಸುತ್ತಿದ್ದ ಆ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡಿದ್ದವನೂ ಇವನೇ, ಅದೂ 1902ರಲ್ಲಿ!

ಫ್ರೆಡ್ರಿಕ್ ವಿಲಿಯಂ ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಷಮ್‌ನಲ್ಲಿ. ಅಪ್ಪ ಹೆನ್ರಿ ಜೋನ್ಸ್ ಲ್ಯಾಂಚೆಸ್ಟರ್ ಕಟ್ಟಡ ವಿನ್ಯಾಸಕಾರ, ಅಮ್ಮ ಆಕ್ಟೇವಿಯಾ ಲ್ಯಾಟಿನ್ ಮತ್ತು ಗಣಿತ ಹೇಳಿಕೊಡುತ್ತಿದ್ದವಳು. ಎಂಟು ಮಕ್ಕಳಲ್ಲಿ ಇವನು ನಾಲ್ಕನೆಯವನು. ಇವನಿಗೆ ವರ್ಷ ತುಂಬೋ ಹೊತ್ತಿಗೆ ಸಂಸಾರ ಬ್ರೈಟನ್ ಪಕ್ಕದ ಹೋವ್ ಊರಿಗೆ ಹೋಯಿತು. ಮನೆತನವೇ ಒಂಥರಾ ವಿಶೇಷ. ಅಣ್ಣ ಹೆನ್ರಿ ವಾನ್ ಲ್ಯಾಂಚೆಸ್ಟರ್ ಅಪ್ಪನ ದಾರಿ ಹಿಡಿದು ಆರ್ಕಿಟೆಕ್ಟ್ ಆದ. ಜೋಧಪುರದ ಉಮೈದ್ ಭವನ್ ಅರಮನೆ ನೋಡಿದ್ದೀರಲ್ಲ, ಫೋಟೋದಲ್ಲಾದ್ರೂ? ಅದನ್ನ ವಿನ್ಯಾಸ ಮಾಡಿದ್ದು ಆ ಅಣ್ಣನೇ. ತಂಗಿ ಈಡಿತ್ ಸಮಾಜವಾದಿ ಹೋರಾಟಗಾರ್ತಿ, ಅವಳ ಮಗಳು ಎಲ್ಸಾ ಲ್ಯಾಂಚೆಸ್ಟರ್ ಹಾಲಿವುಡ್ ನಟಿ. ತಮ್ಮಂದಿರಾದ ಜಾರ್ಜ್ ಮತ್ತು ಫ್ರಾಂಕ್ ಮುಂದೆ ಇವನ ಕಾರ್ಖಾನೆಯ ಎರಡು ಕೈಗಳಾದರು.

ಸೌತಾಂಪ್ಟನ್‌ನ ಹಾರ್ಟ್ಲಿ ಸಂಸ್ಥೆಯಲ್ಲಿ ಓದಿ, ಸ್ಕಾಲರ್‌ಶಿಪ್ ಮೇಲೆ ಲಂಡನ್ನಿನ ಕೆನ್ಸಿಂಗ್ಟನ್ ವಿಜ್ಞಾನ ಶಾಲೆಗೆ ಹೋದ. ಈಗ ಅದು ಇಂಪೀರಿಯಲ್ ಕಾಲೇಜಿನ ಭಾಗ. ಅಲ್ಲಿ ಎಂಜಿನಿಯರಿಂಗ್ ಸಾಲದು ಅನ್ನಿಸಿ ಸಂಜೆ ಹೊತ್ತು ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನಲ್ಲೂ ಪಾಠ ಕೇಳಿದ. ಕಡೆಗೆ ಯಾವ ಡಿಗ್ರಿಯೂ ಇಲ್ಲದೆ ಹೊರಬಿದ್ದ. ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನ ಮನೆಯಲ್ಲಿ ತೋರಿಸಬೇಡಿ, ದಯವಿಟ್ಟು.

ಸ್ವಲ್ಪ ದಿನ ಪೇಟೆಂಟ್ ಕಚೇರಿಯ ಕೆಲಸಕ್ಕೆ ಚಿತ್ರ ಬರೆದುಕೊಂಡಿದ್ದ. ಆಮೇಲೆ ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್ಲಿಯಲ್ಲಿದ್ದ ಫಾರ್ವರ್ಡ್ ಗ್ಯಾಸ್ ಎಂಜಿನ್ ಕಂಪನಿಯಲ್ಲಿ ಸಹಾಯಕ ವರ್ಕ್ಸ್ ಮ್ಯಾನೇಜರ್ ಕೆಲಸ ಸಿಕ್ಕಿತು. ಕಂಪನಿ ಕೊಟ್ಟ ಕರಾರುಪತ್ರದಲ್ಲಿ ಒಂದು ಸಾಲಿತ್ತು. ನೌಕರ ಮಾಡೋ ಸುಧಾರಣೆಗಳೆಲ್ಲ ಕಂಪನಿಯ ಸ್ವತ್ತು ಅಂತ. ಇಪ್ಪತ್ತರ ಹುಡುಗ ಆ ಸಾಲನ್ನ ಪೆನ್ನಿನಲ್ಲಿ ಹೊಡೆದುಹಾಕಿ ಆಮೇಲೆ ಸಹಿ ಹಾಕಿದ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ನಾವು ಆಫರ್ ಲೆಟರ್ ಓದದೇ ಸಹಿ ಮಾಡೋರು, ಇದು ನೆನಪಿಟ್ಟುಕೊಳ್ಳೋ ಮಾತು. ಯಾಕಂದ್ರೆ ಎಂಜಿನ್ನಿನ ವೇಗ ಹಿಡಿತದಲ್ಲಿಡೋಕೆ ಅವನು ಮಾಡಿದ ಪೆಂಡುಲಂ ಗವರ್ನರ್ ಮತ್ತು ಎಂಜಿನ್ ಸ್ಟಾರ್ಟ್ ಮಾಡೋ ಸಾಧನ, ಎರಡೂ ಅವನದೇ ಹೆಸರಲ್ಲಿ ಪೇಟೆಂಟ್ ಆದವು. ಅವುಗಳಿಂದ ಬಂದ ಹಣವೇ ಮುಂದಿನ ಪ್ರಯೋಗಗಳಿಗೆ ಬಂಡವಾಳ. 1893ರಲ್ಲಿ ತನ್ನ ಕುರ್ಚಿಯನ್ನ ತಮ್ಮ ಜಾರ್ಜ್‌ಗೆ ಬಿಟ್ಟುಕೊಟ್ಟು ಹೊರಬಂದ. 1894ರಲ್ಲಿ ತನ್ನದೇ ಪೆಟ್ರೋಲ್ ಎಂಜಿನ್ ಕೂರಿಸಿದ ದೋಣಿಯೊಂದನ್ನ ಆಕ್ಸ್‌ಫರ್ಡ್‌ನಲ್ಲಿ ನೀರಿಗಿಳಿಸಿದ.

ಇಲ್ಲಿಂದ ನಮ್ಮ ವಿಷಯ ಶುರು. ಆ ಕಾಲದ ಎಂಜಿನ್‌ಗಳ ದೊಡ್ಡ ಶಾಪ ಅಂದ್ರೆ ನಡುಕ. ಒಂದೇ ಸಿಲಿಂಡರು, ಭಾರದ ಪಿಸ್ಟನ್ನು, ಒಂದೊಂದು ಸ್ಫೋಟಕ್ಕೂ ಇಡೀ ಗಾಡಿ ಕುಲುಕೋದು. ಕುದುರೆ ಗಾಡಿಗೆ ಎಂಜಿನ್ ಕಟ್ಟಿ ಕಾರು ಅಂತ ಕರೀತಿದ್ದ ದಿನಗಳು. ಜನ ಇದಕ್ಕೆ ಹುಡುಕಿದ ಪರಿಹಾರ ತೂಕ. ಚೌಕಟ್ಟು ದಪ್ಪ ಮಾಡು, ಫ್ಲೈವೀಲ್ ದೊಡ್ಡದು ಮಾಡು, ನಡುಕ ಅದುಮಿಡು. ಲ್ಯಾಂಚೆಸ್ಟರ್ ಅದುಮಿಡೋಕೆ ಹೋಗಲಿಲ್ಲ. ನಡುಕ ಯಾವ ತುಂಡಿನಿಂದ, ಯಾವ ದಿಕ್ಕಿಗೆ, ಸುತ್ತಿಗೆ ಎಷ್ಟು ಬಾರಿ ಹುಟ್ಟುತ್ತೆ ಅಂತ ಲೆಕ್ಕ ಹಾಕಿದ. 1895ರಲ್ಲಿ ಕಟ್ಟೋಕೆ ಶುರುಮಾಡಿದ ಅವನ ಮೊದಲ ಕಾರಿನಲ್ಲಿ ಸಿಲಿಂಡರ್ ಒಂದೇ, ಆದರೆ ಕ್ರ್ಯಾಂಕ್‌ಶಾಫ್ಟ್ ಎರಡು! ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ, ಎರಡಕ್ಕೂ ಅದರದರ ಫ್ಲೈವೀಲ್. ಒಂದು ಶಾಫ್ಟ್ ಗಾಡಿಯನ್ನ ಈ ಕಡೆ ತಿರುಚೋಕೆ ಹೋದರೆ ಇನ್ನೊಂದು ಅದೇ ಹೊತ್ತಿಗೆ ಆ ಕಡೆ ತಿರುಚುತ್ತೆ. ಎರಡೂ ಸೇರಿ ಸೊನ್ನೆ. ಮುಂದೆ ಎರಡು ಸಿಲಿಂಡರ್ ಎದುರುಬದುರು ಇಟ್ಟು ಮಾಡಿದ ಎಂಜಿನ್ನಿನಲ್ಲೂ ಇದೇ ಉಪಾಯ.

1896ರ ಆರಂಭದಲ್ಲಿ ಆ ಕಾರು ರಸ್ತೆಗಿಳಿದಾಗ ಇಂಗ್ಲೆಂಡಿನ ಕಾನೂನು ತಮಾಷೆಯಾಗಿತ್ತು. ಊರ ಹೊರಗೂ ಗಂಟೆಗೆ 4 ಮೈಲಿ ಮೀರೋ ಹಾಗಿಲ್ಲ, ಮುಂದೆ ಒಬ್ಬ ಮನುಷ್ಯ ನಡೆಯಬೇಕು. ಆ ಕಾನೂನು ಹೋಗಿದ್ದು ಅದೇ ವರ್ಷ ನವೆಂಬರಿನಲ್ಲಿ. ಪೂರ್ತಿ ಬ್ರಿಟನ್ನಿನಲ್ಲೇ ವಿನ್ಯಾಸವಾದ ಮೊದಲ ನಾಲ್ಕು ಚಕ್ರದ ಪೆಟ್ರೋಲ್ ಕಾರು ಅಂತ ಇದನ್ನ ಬಹಳಷ್ಟು ಇತಿಹಾಸಕಾರರು ಲೆಕ್ಕಕ್ಕೆ ಹಿಡೀತಾರೆ.

ಅವನ ಕಾರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಸಸ್ಪೆನ್ಷನ್ನಿನ ಲೆಕ್ಕ. ಮನುಷ್ಯ ನಡೆಯುವಾಗ ಅವನ ತಲೆ ಒಂದು ಲಯದಲ್ಲಿ ಮೇಲೆ ಕೆಳಗೆ ಆಗುತ್ತೆ. ಹುಟ್ಟಿದಾಗಿನಿಂದ ದೇಹಕ್ಕೆ ಅದು ಅಭ್ಯಾಸ, ಅದರಿಂದ ಯಾರಿಗೂ ವಾಂತಿ ಬರೋದಿಲ್ಲ. ಹಾಗಾದ್ರೆ ಕಾರೂ ಅದೇ ಲಯದಲ್ಲಿ ತೂಗಿದರೆ ಸಾಕಲ್ಲ? ಸ್ಪ್ರಿಂಗುಗಳನ್ನ ಉದ್ದ, ಮೃದು ಮಾಡಿ, ತೂಗಾಟದ ವೇಗ ನಡಿಗೆಗೆ ಹೊಂದೋ ಹಾಗೆ ಇಟ್ಟ. ಅಂದ್ರೆ ಎಲ್ಲ ನಡುಕವೂ ಶತ್ರು ಅಂತ ಅವನು ತಿಳಿದಿರಲಿಲ್ಲ. ಯಾವುದನ್ನ ಉಳಿಸಿಕೊಳ್ಳಬೇಕು, ಯಾವುದನ್ನ ಕೊಲ್ಲಬೇಕು ಅನ್ನೋದು ಎಣಿಕೆಯಿಂದ ತೀರ್ಮಾನ ಆಗಬೇಕು.

1899ರಲ್ಲಿ ರಿಚ್ಮಂಡ್‌ನ ಮೋಟಾರು ಪ್ರದರ್ಶನದಲ್ಲಿ ಅವನ ಕಾರಿಗೆ ಚಿನ್ನದ ಪದಕ ಬಂತು, ಅದೇ ಡಿಸೆಂಬರಿನಲ್ಲಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಶುರುವಾಯಿತು. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್‌ನಲ್ಲಿ ಕಾರ್ಖಾನೆ, 1901ರಿಂದ ಜನರಿಗೆ ಮಾರಾಟ. ಒಬ್ಬನೇ ಮನುಷ್ಯ ಎಂಜಿನ್, ಗೇರ್, ಸ್ಪ್ರಿಂಗ್, ಬಾಡಿ ಎಲ್ಲಾ ವಿನ್ಯಾಸ ಮಾಡಿ, ಯಾವ ಕಾರಿನ ಬಿಡಿಭಾಗ ಯಾವ ಕಾರಿಗೆ ಹಾಕಿದರೂ ಕೂರಬೇಕು ಅಂತ ಗೇಜುಗಳನ್ನೂ ಮಾಡಿಸಿದ. ಆಗಿನ ಬೇರೆ ಕಾರ್ಖಾನೆಗಳಲ್ಲಿ ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸುತ್ತಿದ್ದ ಕಾಲ ಅದು.

ಇನ್ನು ಬ್ರೇಕು. ಆ ದಿನಗಳ ಬ್ರೇಕ್ ಅಂದ್ರೆ ಚಕ್ರದ ಹೊರಮೈಗೆ ಒತ್ತೋ ಮರದ ದಿಮ್ಮಿ, ಇಲ್ಲವೇ ಡ್ರಮ್ಮಿನ ಸುತ್ತ ಬಿಗಿಯೋ ಪಟ್ಟಿ. ಲ್ಯಾಂಚೆಸ್ಟರ್ ಯೋಚನೆ ಬೇರೆ. ಚಕ್ರದ ಜೊತೆ ತಿರುಗೋ ಒಂದು ತೆಳು ಲೋಹದ ತಟ್ಟೆ, ಅದನ್ನ ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯೋ ದವಡೆ. ತಟ್ಟೆ ಗಾಳಿಗೆ ತೆರೆದಿರೋದರಿಂದ ಬೇಗ ತಣಿಯುತ್ತೆ, ಎರಡು ಕಡೆಯ ಒತ್ತಡ ಒಂದನ್ನೊಂದು ಸರಿದೂಗಿಸುತ್ತೆ. ಇವತ್ತು ನಮ್ಮ ಪಲ್ಸರ್ ಮುಂಚಕ್ರದಲ್ಲಿ ಕಾಣೋದೂ ಇದೇ ತತ್ವ, ಹೈಡ್ರಾಲಿಕ್ಸ್ ಆಮೇಲೆ ಸೇರಿಕೊಂಡಿತು ಅಷ್ಟೇ.

ಆದ್ರೆ ದವಡೆಗೆ ಏನು ಹಚ್ಚೋದು? ಆಗ ಒಳ್ಳೆ ಘರ್ಷಣೆಯ ವಸ್ತು ಇರಲಿಲ್ಲ. ಅವನ ಕೈಗೆ ಸಿಕ್ಕಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕಿವಿ ಕೀರುವಂಥ ಸದ್ದು, ಮೇಲೆ ರಸ್ತೆಯ ಧೂಳು ಸೇರಿ ತಾಮ್ರ ಬೇಗ ಸವೆದುಹೋಗೋದು. ಹರ್ಬರ್ಟ್ ಫ್ರೂಡ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಸಂಶೋಧಕ ಆಸ್‌ಬೆಸ್ಟಾಸ್ ಲೈನಿಂಗ್ ತಂದಿದ್ದು ಕೆಲವು ವರ್ಷಗಳ ನಂತರ. ಅಷ್ಟರಲ್ಲಿ ಕಾರು ಪ್ರಪಂಚವೆಲ್ಲ ಡ್ರಮ್ಮಿನ ಕಡೆ ಹೋಗಿಬಿಟ್ಟಿತ್ತು. ಡಿಸ್ಕ್ ಬ್ರೇಕ್ ಐವತ್ತು ವರ್ಷ ಮೂಲೆ ಸೇರಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೀರಲು ಬೇರೆ, ನಡುಕ ಬೇರೆ. ಕೀರಲು ಸೆಕೆಂಡಿಗೆ ಸಾವಿರಗಟ್ಟಲೆ ಕಂಪನ, ಪ್ಯಾಡು ಹಿಡಿದು ಬಿಟ್ಟು ಹಿಡಿದು ಬಿಟ್ಟು ಡಿಸ್ಕನ್ನೇ ಗಂಟೆಯ ಹಾಗೆ ಮೊಳಗಿಸೋದು. ಚಕ್ರ ನಿಧಾನವಾದರೂ ಅದರ ಶ್ರುತಿ ಹೆಚ್ಚುಕಮ್ಮಿ ಅದೇ ಇರುತ್ತೆ. ನಡುಕ ಹಾಗಲ್ಲ, ಅದು ಚಕ್ರದ ಸುತ್ತಿಗೇ ಕಟ್ಟುಬಿದ್ದದ್ದು. ಕಾರು ನಿಧಾನವಾದ ಹಾಗೆ ಅದೂ ನಿಧಾನವಾಗುತ್ತೆ. ಇಷ್ಟು ಓದಿದ ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆಯ ಅರ್ಥ ನನಗೆ ಹೊಳೆಯಿತು.

ಮುಂದಿನ ಭಾನುವಾರವೇ ಮಾವನ ಕಾರು ತರಿಸಿದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಮುಟ್ಟದೆ 90ರಲ್ಲಿ ಓಡಿಸಿದೆವು, ನಡುಕ ಇಲ್ಲ. ಅಲ್ಲಿಗೆ ವೀಲ್ ಬ್ಯಾಲೆನ್ಸ್ ವಾದ ಬಿತ್ತು. ಬ್ರೇಕ್ ಹಾಕಿದಾಗ ನಡುಗಿದ್ದು ಸ್ಟೀರಿಂಗ್ ಮತ್ತು ಪೆಡಲ್, ಸೀಟಲ್ಲ. ಅಂದ್ರೆ ಅನುಮಾನ ಮುಂದಿನ ಚಕ್ರಗಳ ಮೇಲೆ. ಕಾಲೇಜು ಮೈದಾನದಲ್ಲಿ ನಿಧಾನಕ್ಕೆ ಹೋಗ್ತಾ ಹ್ಯಾಂಡ್ ಬ್ರೇಕ್ ಮಾತ್ರ ಮೆಲ್ಲಗೆ ಎಳೆದು ನೋಡಿದೆವು, ಹಿಂದಿನ ಡ್ರಮ್ ಸುಮ್ಮನಿತ್ತು. ಆಮೇಲೆ ಎಣಿಕೆ. 20 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 5.5 ಮೀಟರ್ ಹೋಗುತ್ತೆ. ಈ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಅಂದ್ರೆ ಸೆಕೆಂಡಿಗೆ ಮೂರು ಸುತ್ತು. ಪೆಡಲ್ ಮೇಲೆ ಕಾಲಿಟ್ಟು ಎಣಿಸಿದರೆ ಅಲ್ಲೂ ಸೆಕೆಂಡಿಗೆ ಮೂರೇ ಬಡಿತ! ಸುತ್ತಿಗೆ ಒಂದು. ಅಂದ್ರೆ ಡಿಸ್ಕಿನ ಒಂದು ಜಾಗ ಉಳಿದ ಜಾಗದ ಹಾಗಿಲ್ಲ.

90ರಲ್ಲೇ ಯಾಕೆ ಅಷ್ಟು ಜೋರು, 40ರಲ್ಲಿ ಯಾಕಿಲ್ಲ? ಅದೂ ಇದೇ ಎಣಿಕೆ. 90ರಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು. ಕಾರಿನ ಮುಂಭಾಗದ ಸಸ್ಪೆನ್ಷನ್ ಹಿಂದೆ ಮುಂದೆ ಅಲ್ಲಾಡೋ ಸಹಜ ಆವರ್ತನ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 20ರ ಮಧ್ಯೆ ಇರುತ್ತೆ. ಎರಡೂ ಹತ್ತಿರ ಬಂದಾಗ ಅನುರಣನ, ಸಣ್ಣ ತಳ್ಳಿಗೆ ದೊಡ್ಡ ಕುಣಿತ. ಕಂಟ್ರೋಲ್ ಆರ್ಮಿನ ಬುಷ್ ಸವೆದಿದ್ದರೆ ಕುಣಿತ ಇನ್ನೂ ಜಾಸ್ತಿ. ಹಾಗಂತ ಬರೀ ಬುಷ್ ಬದಲಾಯಿಸಿದರೆ ರೋಗ ಮುಚ್ಚಿಕೊಳ್ಳುತ್ತೆ, ವಾಸಿ ಆಗೋದಿಲ್ಲ.

ಚಕ್ರ ಬಿಚ್ಚಿ ಡಯಲ್ ಗೇಜ್ ಇಟ್ಟೆವು. ಎಡಗಡೆ ಡಿಸ್ಕ್ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಓಲಾಡಿತು, ಬಲಗಡೆಯದು ನೂರರಲ್ಲಿ ಹನ್ನೊಂದು. ಇಲ್ಲೇ ಎಲ್ಲರೂ ಡಿಸ್ಕ್ ಬೆಂಡ್ ಅಂತ ತೀರ್ಪು ಕೊಡೋದು. ಡಿಸ್ಕನ್ನ ಹಬ್ಬಿನಿಂದ ತೆಗೆದು ನೋಡಿದರೆ ಹಬ್ಬಿನ ಮುಖದ ಮೇಲೆ ತುಕ್ಕಿನ ಹೊಪ್ಪಳೆ! ಡಿಸ್ಕ್ ಅದರ ಮೇಲೆ ಓರೆಯಾಗಿ ಕೂತಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿ ಸ್ವಚ್ಛ ಮಾಡಿ ಮತ್ತೆ ಕೂರಿಸಿದಾಗ ಓಲಾಟ ನೂರರಲ್ಲಿ ನಾಲ್ಕಕ್ಕೆ ಇಳಿಯಿತು. ಆದ್ರೆ ನಡುಕ ಪೂರ್ತಿ ಹೋಗಲಿಲ್ಲ. ಯಾಕಂದ್ರೆ ಓಲಾಟ ಒಂದೇ ಆದ್ರೆ ಕ್ಯಾಲಿಪರ್ ಅದರ ಜೊತೆ ಜಾರಿಕೊಂಡು ಹೋಗುತ್ತೆ, ನಮಗೆ ಅಷ್ಟಾಗಿ ಗೊತ್ತಾಗಲ್ಲ. ಓಲಾಡೋ ಡಿಸ್ಕ್ ಬ್ರೇಕ್ ಹಾಕದೇ ಇದ್ದಾಗಲೂ ಪ್ರತಿ ಸುತ್ತಿಗೆ ಒಂದು ಜಾಗದಲ್ಲಿ ಪ್ಯಾಡಿಗೆ ತಾಗುತ್ತಾ ತಾಗುತ್ತಾ ಸಾವಿರಾರು ಕಿಲೋಮೀಟರಿನಲ್ಲಿ ಅಲ್ಲಿ ತೆಳ್ಳಗಾಗುತ್ತೆ. ಆಮೇಲೆ ದಪ್ಪ ಜಾಗ ಬಂದಾಗ ಪ್ಯಾಡಿನ ಹಿಡಿತ ಹೆಚ್ಚು, ತೆಳು ಜಾಗ ಬಂದಾಗ ಕಡಿಮೆ. ಅದೇ ನಡುಕ. ಮೈಕ್ರೋಮೀಟರಿನಲ್ಲಿ ಎಂಟು ಕಡೆ ಅಳೆದರೆ ದಪ್ಪದಲ್ಲಿ ಇದ್ದ ವ್ಯತ್ಯಾಸ ಬರೀ 20 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಯಾದ ಪ್ಯಾಡಿನ ಪದಾರ್ಥ ಡಿಸ್ಕಿಗೆ ತೇಪೆ ತೇಪೆಯಾಗಿ ಅಂಟಿಕೊಂಡರೂ ಇದೇ ಪರಿಣಾಮ. ಘಾಟಿ ಇಳಿದು ಕಾದ ಬ್ರೇಕನ್ನ ಹಾಗೇ ಒತ್ತಿಹಿಡಿದು ನಿಲ್ಲಿಸಬಾರದು ಅನ್ನೋದು ಅದಕ್ಕೇ.

ಡಿಸ್ಕಿನ ಅಂಚಿನಲ್ಲಿ ಕೆತ್ತಿರೋ ಕನಿಷ್ಠ ದಪ್ಪಕ್ಕಿಂತ ನಮ್ಮದು ಇನ್ನೂ ದಪ್ಪವಿತ್ತು. ಎರಡೂ ಕಡೆಯ ಡಿಸ್ಕ್ ಸ್ವಲ್ಪ ಸ್ವಲ್ಪ ತುರಿಸಿ, ಹೊಸ ಪ್ಯಾಡ್ ಹಾಕಿ, ಕ್ಯಾಲಿಪರ್ ಪಿನ್ನಿಗೆ ಗ್ರೀಸ್ ಬಳಿದು, ನಟ್ಟುಗಳನ್ನ ಟಾರ್ಕ್ ವ್ರೆಂಚಿನಿಂದ ಒಂದು ಬಿಟ್ಟು ಒಂದು ಎದುರುಬದುರು ಬಿಗಿದೆವು. ಹಿಂದೆ ಯಾರೋ ಏರ್ ಗನ್ನಿನಿಂದ ಮನಸೋ ಇಚ್ಛೆ ಬಿಗಿದಿದ್ದರು ಅಂತ ಕಾಣುತ್ತೆ, ಬಿಚ್ಚೋಕೆ ಇಬ್ಬರು ಬೇಕಾಯಿತು. ನಡುಕ ಹೋಯಿತು.

ಮತ್ತೆ ಲ್ಯಾಂಚೆಸ್ಟರ್ ಕಡೆ ಬರೋಣ, ಅವನ ಕಥೆ ಇಷ್ಟು ಸುಖವಾಗಿ ಮುಂದುವರೀಲಿಲ್ಲ. ಕಾರು ಚೆನ್ನಾಗಿತ್ತು, ಬಂಡವಾಳ ಸಾಲಲಿಲ್ಲ. ನಿರ್ದೇಶಕರ ಜೊತೆ ಜಗಳ. ಮುಂಬೈನಲ್ಲಿ ಹುಟ್ಟಿದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಮೊದಮೊದಲ ಗಿರಾಕಿಗಳಲ್ಲಿ ಒಬ್ಬ, ಅವನ ಕಾರು ದಾರಿಯಲ್ಲಿ ಕೆಟ್ಟು ನಿಂತಿದ್ದೂ ಉಂಟು. 1904ರಲ್ಲಿ ಕಂಪನಿ ಸಾಲಗಾರರ ಕೈಗೆ ಹೋಗಿ, ಲ್ಯಾಂಚೆಸ್ಟರ್ ಮೋಟಾರ್ ಕಂಪನಿ ಅನ್ನೋ ಹೊಸ ಹೆಸರಲ್ಲಿ ಎದ್ದು ಬಂತು. ಆದ್ರೆ ಹಿಡಿತ ಅವನ ಕೈ ತಪ್ಪಿತ್ತು. ನಿಧಾನಕ್ಕೆ ಕಾರ್ಖಾನೆಯನ್ನ ಜಾರ್ಜ್‌ಗೆ ಬಿಟ್ಟು, 1909ರಲ್ಲಿ ಡೈಮ್ಲರ್ ಕಂಪನಿಗೆ ಸಲಹೆಗಾರನಾದ.

ಡೈಮ್ಲರ್‌ನಲ್ಲಿ ಅವನಿಗಾಗಿ ಕಾದಿದ್ದೂ ಒಂದು ನಡುಕವೇ. ಆರು ಸಿಲಿಂಡರಿನ ಎಂಜಿನ್‌ಗಳು ಆಗ ಹೊಸ ಫ್ಯಾಷನ್. ಲೆಕ್ಕದ ಪ್ರಕಾರ ಅವು ಬಲು ನುಣುಪು. ಆದ್ರೆ ಕೆಲವು ನಿರ್ದಿಷ್ಟ ವೇಗಗಳಲ್ಲಿ ಒಳಗಿನಿಂದ ಭಯಂಕರ ಗಡಗಡ, ಕೆಲವೊಮ್ಮೆ ಕ್ರ್ಯಾಂಕ್‌ಶಾಫ್ಟೇ ಮುರಿದುಹೋಗೋದು. ತಪ್ಪು ಬ್ಯಾಲೆನ್ಸಿನಲ್ಲಿ ಇರಲಿಲ್ಲ. ಉದ್ದನೆಯ ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ಸ್ಫೋಟಗಳ ಲಯ ಶಾಫ್ಟಿನ ತಿರುಚಾಟದ ಸಹಜ ಲಯಕ್ಕೆ ಕೂಡಿದಾಗ ಅನಾಹುತ. ಮಾವನ ಕಾರು 90ರಲ್ಲಿ ನಡುಗಿದ ಲೆಕ್ಕವೇ ಇದು, ಜಾಗ ಬೇರೆ ಅಷ್ಟೇ.

ಶಾಫ್ಟನ್ನ ದಪ್ಪ ಮಾಡಬಹುದಿತ್ತು. ಅವನು ಮಾಡಿದ್ದು ಶಾಫ್ಟಿನ ತುದಿಗೆ ಇನ್ನೊಂದು ಸಣ್ಣ ಚಕ್ರವನ್ನ ಬಿಗಿಯಾಗಿ ಕಟ್ಟದೆ, ಎಣ್ಣೆಯಲ್ಲಿರೋ ಘರ್ಷಣೆಯ ತಟ್ಟೆಗಳ ಮೂಲಕ ಜೋಡಿಸಿದ್ದು. ಶಾಫ್ಟ್ ಸಮವಾಗಿ ತಿರುಗಿದರೆ ಆ ಚಕ್ರವೂ ಜೊತೆಗೆ ತಿರುಗುತ್ತೆ, ಏನೂ ಕೆಲಸವಿಲ್ಲ. ಶಾಫ್ಟ್ ನಡುಗೋಕೆ ಶುರುಮಾಡಿದರೆ ಚಕ್ರ ತನ್ನ ಜಡತ್ವದಿಂದ ನಾನು ಅಲ್ಲಾಡಲ್ಲ ಅಂತ ಹಟ ಹಿಡಿಯುತ್ತೆ, ನಡುವಿನ ಉಜ್ಜಾಟದಲ್ಲಿ ನಡುಕದ ಶಕ್ತಿಯೆಲ್ಲ ಶಾಖವಾಗಿ ಕರಗುತ್ತೆ. ರೋಲ್ಸ್ ರಾಯ್ಸ್‌ನ ಹೆನ್ರಿ ರಾಯ್ಸ್ ಕೂಡ ತನ್ನ ದಾರಿಯಲ್ಲಿ ಇಂಥದ್ದೇ ಒಂದಕ್ಕೆ ಬಂದಿದ್ದ. ನಮ್ಮ ಪಠ್ಯದಲ್ಲಿ ಉಳಿದ ಹೆಸರು ಮಾತ್ರ ಲ್ಯಾಂಚೆಸ್ಟರ್‌ದು.

ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಇನ್ನೊಂದು ಕಾಯಿಲೆ. ಕ್ರ್ಯಾಂಕಿನ ಮೇಲಿನ ಅರ್ಧ ಸುತ್ತಿನಲ್ಲಿ ಪಿಸ್ಟನ್ ಚಲಿಸೋ ದೂರ ಕೆಳಗಿನ ಅರ್ಧಕ್ಕಿಂತ ಜಾಸ್ತಿ, ಕನೆಕ್ಟಿಂಗ್ ರಾಡ್ ಓರೆಯಾಗೋದರಿಂದ. ಎರಡು ಪಿಸ್ಟನ್ ಮೇಲೆ ಹೋಗಿ ಎರಡು ಕೆಳಗೆ ಬಂದರೂ ಲೆಕ್ಕ ಸರಿಹೋಗದೆ, ಸುತ್ತಿಗೆ ಎರಡು ಸಲ ಎಂಜಿನ್ ಮೇಲೆ ಕೆಳಗೆ ಹಾರುತ್ತೆ. ಸುತ್ತಿಗೆ ಎರಡು ಅಂತ ಎಣಿಸಿದ ಮೇಲೆ ಮದ್ದು ಅದರಲ್ಲೇ ಇತ್ತು. ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗೋ, ಒಂದು ಪಕ್ಕಕ್ಕೆ ತೂಕವಿರೋ ಎರಡು ಶಾಫ್ಟು. ಅವುಗಳ ಅಡ್ಡ ಎಳೆತ ಒಂದನ್ನೊಂದು ತಿನ್ನುತ್ತೆ, ಮೇಲೆ ಕೆಳಗಿನ ಎಳೆತ ಸೇರಿ ಪಿಸ್ಟನ್ನಿನ ಹಾರಾಟಕ್ಕೆ ಎದುರು ನಿಲ್ಲುತ್ತೆ. 1970ರ ದಶಕದಲ್ಲಿ ಮಿತ್ಸುಬಿಷಿ ಇದನ್ನ ಬೇರೆ ರೂಪದಲ್ಲಿ ಮತ್ತೆ ತಂದು ದೊಡ್ಡ ಹೆಸರು ಮಾಡಿತು. ಈಗಿನ ಎಷ್ಟೋ ಎಂಜಿನ್‌ಗಳ ಬ್ಯಾಲೆನ್ಸರ್ ಶಾಫ್ಟ್ ಅನ್ನೋದು ಈ ವಂಶದ್ದೇ.

ವಿಮಾನದ ಕಥೆ ಹೇಳೋಕೆ ಹೋದರೆ ಇನ್ನೊಂದು ಸಂಚಿಕೆ ಬೇಕು, ಹಾಗಾಗಿ ಚಿಕ್ಕದಾಗಿ. ರೆಕ್ಕೆಯ ಮೇಲೆತ್ತುವ ಬಲ ಹೇಗೆ ಹುಟ್ಟುತ್ತೆ, ರೆಕ್ಕೆಯ ತುದಿಯಲ್ಲಿ ಸುಳಿ ಯಾಕೆ ಏಳುತ್ತೆ ಅಂತ ರೈಟ್ ಸೋದರರು ಹಾರೋದಕ್ಕೂ ಮೊದಲೇ ಬರೆದಿದ್ದ. 1897ರಲ್ಲಿ ಲಂಡನ್ನಿನ ಫಿಸಿಕಲ್ ಸೊಸೈಟಿ ಅವನ ಪ್ರಬಂಧವನ್ನ ವಾಪಸ್ ಕಳಿಸಿತು. 1907 ಮತ್ತು 1908ರಲ್ಲಿ ಅದನ್ನೇ ಬೆಳೆಸಿ ಎರಡು ದಪ್ಪ ಪುಸ್ತಕ ಮಾಡಿದ. ಜರ್ಮನಿಯ ಗೊಟ್ಟಿಂಗೆನ್‌ಗೆ ಹೋಗಿ ಪ್ರಾಂಡ್ಟ್ಲ್‌ನನ್ನ ಕಂಡ. ಪ್ರಾಂಡ್ಟ್ಲ್ ಅದಕ್ಕೆ ಗಟ್ಟಿ ಗಣಿತ ಕೊಟ್ಟ ಮೇಲೆ ಪ್ರಪಂಚ ಒಪ್ಪಿತು. ಲ್ಯಾಂಚೆಸ್ಟರ್ ತನ್ನದೇ ಪದಗಳನ್ನ ಹುಟ್ಟಿಸಿಕೊಂಡು ತನಗೆ ಮಾತ್ರ ಅರ್ಥವಾಗೋ ಹಾಗೆ ಬರೀತಿದ್ದ ಅನ್ನೋ ದೂರು ಇದೆ. ಪೂರ್ತಿ ಸುಳ್ಳಲ್ಲ ಅಂತ ನನಗನ್ನಿಸುತ್ತೆ. 1916ರಲ್ಲಿ ಯುದ್ಧ ವಿಮಾನಗಳ ಪುಸ್ತಕ ಬಂತು, ಸೈನ್ಯದ ಬಲ ಸಂಖ್ಯೆಯ ವರ್ಗದಂತೆ ಬೆಳೆಯುತ್ತೆ ಅನ್ನೋ ನಿಯಮ ಅದರಲ್ಲಿದೆ. 1922ರಲ್ಲಿ ರಾಯಲ್ ಸೊಸೈಟಿ ಫೆಲೋ ಮಾಡಿತು.

1919ರಲ್ಲಿ, ಐವತ್ತು ದಾಟಿದ ಮೇಲೆ, ಪಾದ್ರಿಯೊಬ್ಬರ ಮಗಳು ಡೊರೊಥಿಯಾ ಕೂಪರ್‌ಳನ್ನ ಮದುವೆಯಾದ. ಮಕ್ಕಳಿಲ್ಲ. ಬರ್ಮಿಂಗ್‌ಹ್ಯಾಮ್‌ನ ಮೋಸ್ಲಿಯಲ್ಲಿ ಡಯಟ್ ಎಂಡ್ ಅನ್ನೋ ಮನೆ ಕಟ್ಟಿಕೊಂಡು, 1925ರಲ್ಲಿ ತನ್ನ ಹೆಸರಿನ ಪ್ರಯೋಗಾಲಯ ತೆರೆದ. ಅಷ್ಟರಲ್ಲಿ ಧ್ವನಿವರ್ಧಕಗಳ ಹುಚ್ಚು ಹಿಡಿದಿತ್ತು. ನಡುಕ ಕೊಲ್ಲುತ್ತಿದ್ದವನು ಈಗ ನಡುಕ ಬೇಕಾದ ಹಾಗೆ ಹುಟ್ಟಿಸೋ ಕೆಲಸಕ್ಕೆ ಇಳಿದಿದ್ದ. ಅವನೇ ಒಳ್ಳೆ ಹಾಡುಗಾರ, ಸಂಗೀತದ ಸ್ವರಶ್ರೇಣಿ ಬಗ್ಗೆಯೂ ಪುಸ್ತಕ ಬರೆದ, ಸುಳ್ಳು ಹೆಸರಿನಲ್ಲಿ ಪದ್ಯಗಳನ್ನೂ ಅಚ್ಚು ಹಾಕಿಸಿದ. ಆದ್ರೆ ಹಣ ಬರಲಿಲ್ಲ. ಡೈಮ್ಲರ್ ಸಂಬಂಧ ಮುಗಿಯಿತು. 1931ರ ಆರಂಭದಲ್ಲಿ ಬ್ಯಾಂಕ್ ಸಾಲ ವಾಪಸ್ ಕೇಳಿದ್ದರಿಂದ ತಮ್ಮಂದಿರ ಕೈಯಲ್ಲಿದ್ದ ಕಾರು ಕಂಪನಿಯೂ ಡೈಮ್ಲರ್‌ನ ಒಡೆಯರಾದ ಬಿಎಸ್‌ಎ ಪಾಲಾಯಿತು. 1934ರಲ್ಲಿ ಪ್ರಯೋಗಾಲಯ ಮುಚ್ಚಿತು.

ಆಮೇಲೆ ಪಾರ್ಕಿನ್ಸನ್ ಕಾಯಿಲೆ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಬದುಕಿಡೀ ಯಂತ್ರದ ನಡುಕದ ಮೂಲ ಹುಡುಕಿದವನ ಸ್ವಂತ ಕೈ ನಡುಗೋಕೆ ಶುರುವಾಯಿತು. ಕಣ್ಣೂ ಮಂಜಾಯಿತು. ಗೆಳೆಯರು ಮತ್ತು ಮೋಟಾರು ಉದ್ಯಮದವರು ಸೇರಿಸಿಕೊಟ್ಟ ನೆರವಿನಿಂದ ಮನೆ ಉಳಿಯಿತು. 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಜೇಮ್ಸ್ ವ್ಯಾಟ್ ಪದಕ ಕೊಟ್ಟಿತು. 1946ರ ಮಾರ್ಚ್ 8ರಂದು ಡಯಟ್ ಎಂಡ್‌ನಲ್ಲೇ ತೀರಿಕೊಂಡ. 77 ವರ್ಷ.

ಏಳು ವರ್ಷದ ನಂತರ, 1953ರಲ್ಲಿ, ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಉಳಿದವರ ಡ್ರಮ್ಮುಗಳು ಕಾದು ಹಿಡಿತ ಕಳಕೊಳ್ಳುತ್ತಿದ್ದಾಗ ರೋಲ್ಟ್ ಮತ್ತು ಹ್ಯಾಮಿಲ್ಟನ್ ತಿರುವಿನ ತುದಿವರೆಗೂ ಧೈರ್ಯವಾಗಿ ಓಡಿಸಿ ಬ್ರೇಕ್ ಒತ್ತುತ್ತಿದ್ದರು. ಅಲ್ಲಿಂದ ಮುಂದೆ ಡಿಸ್ಕ್ ಬ್ರೇಕ್ ಒಂದೊಂದೇ ಕಾರಿಗೆ ಬಂತು. 1956ರಲ್ಲಿ ಲ್ಯಾಂಚೆಸ್ಟರ್ ಹೆಸರಿನ ಕಾರುಗಳ ತಯಾರಿಕೆ ನಿಂತಿತು.

ಆ ಜಾಗ್ವಾರ್ ತಯಾರಾದ ಕೋವೆಂಟ್ರಿ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಈಗ ಇವನ ಹೆಸರಿದೆ. ಅವನ ನೋಟ್‌ಬುಕ್ಕುಗಳು, ರೇಖಾಚಿತ್ರಗಳು ಅಲ್ಲಿವೆ. ನಮ್ಮ ಮೇಷ್ಟ್ರು ಇಷ್ಟು ಕೇಳಿಸಿಕೊಂಡು, ಬಲಗಡೆ ಡಿಸ್ಕಿನ ಓಲಾಟ ತುರಿಸಿದ ಮೇಲೆ ಎಷ್ಟಿತ್ತು ಅಂದರು. ಬರೆದುಕೊಂಡಿರಲಿಲ್ಲ. ಮುಂದಿನ ವಾರ ಮಾವನ ಕಾರು ಮತ್ತೆ ತರಿಸಬೇಕು.